ಉಂಡು ಬಂದ ಕಥೆ ಸಾಕು, ಇನ್ನು ಗೇಟು ತೆಗೆಯೋಣ



ಹೋದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾನು ನಮ್ಮ ಸೈಕಲ್ ಯಾತ್ರೆಯ ಸಾಕ್ಷಿ ಹೇಳಿದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಹಿರಿಯರೊಬ್ಬರು ಬೆನ್ನು ತಟ್ಟಿ, "ದೇವರು ನಿಮಗಾಗಿ ಊರೂರಿಗೆ ಒಬ್ಬೊಬ್ಬರನ್ನು ಇಟ್ಟಿದ್ದ ನೋಡಪ್ಪಾ" ಅಂದರು. ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧ ಇಲ್ಲಿ ಬರೆಯುತ್ತಿದ್ದೇನೆ. ಇದು ಮೊದಲು ನನ್ನ ಮೇಲೆ ನನ್ನದೇ ತಕರಾರು, ಆಮೇಲೆ ನಮ್ಮೆಲ್ಲರ ಮೇಲೆ.

ಯಾತ್ರೆಗೆ ಬರದವರಿಗೆ ಚುಟುಕಾಗಿ ಹೇಳುತ್ತೇನೆ. ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪವಿತ್ರ ಶರೀರದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಇತ್ತು. ಹತ್ತು ವರ್ಷಕ್ಕೊಮ್ಮೆ ಸಿಗುವ ಭಾಗ್ಯ. ಡಿಸೆಂಬರಿನಲ್ಲಿ ನಾವು ಐದು ಜನ ಹಾಲಹರವಿಯಿಂದ ಹೊರಟು, ಹಗರಿ ದಾಟಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡ, ರಾಮನಗರ, ಅನಮೋಡ ಘಾಟ್ ಹೀಗೆ ನಾನೂರು ಕಿಲೋಮೀಟರಿಗೂ ಹೆಚ್ಚು ತುಳಿದೆವು.

ದಾರಿಯಲ್ಲಿ ಸಿಕ್ಕವರನ್ನು ಮರೆಯಲಾರೆ. ಕೊಪ್ಪಳ ದಾಟಿದ ಮೇಲೆ ಎರಡು ಸಲ ಪಂಕ್ಚರ್ ಆಯಿತು. ಅಂಗಡಿಯವರು ಎರಡಕ್ಕೂ ದುಡ್ಡು ಮುಟ್ಟಲಿಲ್ಲ. ಗದಗಿನ ಹತ್ತಿರ ಹೊಲದ ಬದಿಯಲ್ಲಿ ಕೂತಿದ್ದ ಅಜ್ಜಿ, "ಎಲ್ಲಿಂದ ಬಂದೀರಿ ತಮ್ಮಾ? ಉಂಡೀರೇನು?" ಅಂದಳು. ಉತ್ತರಕ್ಕೂ ಕಾಯದೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಗಂಟು ಬಿಚ್ಚಿದಳು. ಅದು ಅವಳದೇ ಮಧ್ಯಾಹ್ನದ ಬುತ್ತಿ. ಒಂದು ಊರಿನ ಮಠದಲ್ಲಿ ದಾಸೋಹದ ಪಂಕ್ತಿಯಲ್ಲಿ ಕೂರಿಸಿ ಉಣಿಸಿದರು, ಮಲಗಲು ಚಾಪೆ ಕೊಟ್ಟರು. ಅಳ್ನಾವರ ದಾಟಿದ ಮೇಲೆ ಚಹಾ ಅಂಗಡಿಯ ಮುಸ್ಲಿಂ ಚಾಚಾ, "ಯಾತ್ರೆಗೆ ಹೊಂಟವರ ಹತ್ರ ರೊಕ್ಕ ತಗೋಬಾರದು" ಅಂದುಬಿಟ್ಟರು. ನಮ್ಮ ಕೊರಳಲ್ಲಿ ಶಿಲುಬೆ ಇತ್ತು. ಅವರಿಗೆ ಅದು ಕಾಣಿಸದೆ ಇರಲಿಲ್ಲ.

ಇಷ್ಟನ್ನು ಭಾನುವಾರ ಹೇಳಿದ್ದೆ. ಹೇಳದೇ ಬಿಟ್ಟ ಮಾತುಗಳು ಮೂರು.

ಮೊದಲನೆಯದು. ಇಡೀ ದಾರಿಯಲ್ಲಿ ನಮ್ಮನ್ನು ಒಳಗೆ ಸೇರಿಸಲು ಯೋಚನೆ ಮಾಡಿದ ಜಾಗ ಒಂದೇ ಒಂದು. ಅದು ಒಂದು ಚರ್ಚು. ಕತ್ತಲಾಗಿತ್ತು, ವರಾಂಡದಲ್ಲಿ ಮಲಗುತ್ತೇವೆ ಅಂದೆವು. "ನಿಮ್ಮ ಫಾದರ್ ಹತ್ತಿರದಿಂದ ಪತ್ರ ತಂದಿದ್ದೀರಾ?" ಅಂತ ಕೇಳಿದರು. ತಂದಿರಲಿಲ್ಲ. ಮುಂದಿನ ಊರಿಗೆ ಹೋದೆವು.

ಎರಡನೆಯದು. ನಾವು ಹೆಲ್ಮೆಟ್ ಹಾಕಿದ್ದೆವು, ಬಣ್ಣದ ಜೆರ್ಸಿ ಹಾಕಿದ್ದೆವು, ಗೇರ್ ಸೈಕಲ್ ಇತ್ತು. ನೋಡಿದವರಿಗೆ ನಾವು "ಓದಿದ ಹುಡುಗರು". ನಾನು ಬಿಎಸ್ಸಿ ಓದಿದವನು. ಒಂದೇ ತರಹದ ಮಾದರಿ ತೆಗೆದುಕೊಂಡು ಇಡೀ ಲೋಕದ ಬಗ್ಗೆ ತೀರ್ಮಾನ ಬರೆದರೆ ಪ್ರಾಕ್ಟಿಕಲ್‌ನಲ್ಲಿ ಮಾರ್ಕ್ಸ್ ಕೊಡುವುದಿಲ್ಲ. ಅನ್ನ ಸಿಕ್ಕವರು ಸಾಕ್ಷಿ ಹೇಳುತ್ತಾರೆ. ಸಿಗದವರಿಗೆ ಮೈಕ್ ಯಾರು ಕೊಡುತ್ತಾರೆ?

ನಮ್ಮ ಊರನ್ನೇ ನೋಡಿ. ಹಾಲಹರವಿ, ಆಲೂರು, ಹೊಳಗುಂದ, ಆದೋನಿ ಸುತ್ತಿನ ಹಳ್ಳಿಗಳಿಂದ ಪ್ರತಿ ವರ್ಷ ಜನ ಗುಂಟೂರಿಗೆ ಮೆಣಸಿನಕಾಯಿ ಸುಗ್ಗಿಗೆ ಹೋಗುತ್ತಾರೆ. ಲಾರಿಯಲ್ಲಿ ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲ ಒಟ್ಟಿಗೆ. ಅವರೂ ದೂರದ ಯಾತ್ರಿಕರೇ. ಅವರು ನಡುದಾರಿಯಲ್ಲಿ ಇಳಿದರೆ "ಉಂಡೀರೇನು" ಅನ್ನುವವರು ಎಷ್ಟು ಜನ, "ಇಲ್ಲಿ ಕೂರಬೇಡಿ, ಮುಂದೆ ಹೋಗಿ" ಅನ್ನುವವರು ಎಷ್ಟು ಜನ? ನಿಮ್ಮ ಮನೆಯಲ್ಲೇ ಸುಗ್ಗಿಗೆ ಹೋಗಿ ಬಂದವರಿದ್ದಾರೆ, ಕೇಳಿ ನೋಡಿ.

2020ರ ಲಾಕ್‌ಡೌನ್ ನೆನಪಿದೆಯಲ್ಲ. ಆ ಏಪ್ರಿಲ್‌ನಲ್ಲಿ ತೆಲಂಗಾಣಕ್ಕೆ ಮೆಣಸಿನಕಾಯಿ ಬಿಡಿಸಲು ಬಂದಿದ್ದ ಛತ್ತೀಸ್‌ಗಢದ 12 ವರ್ಷದ ಹುಡುಗಿ ಮನೆಗೆ ನಡೆದು ಹೋಗುತ್ತಾ, ಊರು ಇನ್ನೇನು ಹತ್ತಿರ ಇದೆ ಅನ್ನುವಾಗ ಸತ್ತಳು. ಮೇ ತಿಂಗಳಲ್ಲಿ ಬಿಹಾರದ ಜ್ಯೋತಿ ಕುಮಾರಿ, 15 ವರ್ಷದವಳು, ಗಾಯಗೊಂಡ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ದರ್ಭಂಗಾಕ್ಕೆ ಸುಮಾರು 1,200 ಕಿಲೋಮೀಟರ್ ಹಳೇ ಸೈಕಲ್ ತುಳಿದಳು. ದಾರಿಯಲ್ಲಿ ಅವಳಿಗೂ ಅನ್ನ ಕೊಟ್ಟವರಿದ್ದರು, ಅವರಿಗೆ ದೇವರು ಒಳ್ಳೆಯದು ಮಾಡಲಿ. ಆದರೆ ದೇಶವೆಲ್ಲ "ಎಂಥ ಧೈರ್ಯ" ಅಂತ ಹೊಗಳಿ ಸುಮ್ಮನಾಯಿತು. ಆ ಮಗು ತುಳಿಯುವ ಪರಿಸ್ಥಿತಿ ಯಾಕೆ ಬಂತು ಅಂತ ಕೇಳಿದವರು ಕಡಿಮೆ. ನಾವು ಸೈಕಲ್ ತುಳಿದದ್ದು ಇಷ್ಟಪಟ್ಟು. ಅವಳು ತುಳಿದದ್ದು ಗತಿ ಇಲ್ಲದೆ. ಎರಡನ್ನೂ ಒಂದೇ "ಸಾಹಸ" ಅಂದರೆ ತಪ್ಪಾಗುತ್ತದೆ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ನಿಯಮ ಬರೆದಾಗ 53ನೇ ಅಧ್ಯಾಯವನ್ನು ಅತಿಥಿಗಳಿಗೇ ಇಟ್ಟರು. ಬಂದವರನ್ನು ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಬೇಕು, ಅದರಲ್ಲೂ ಬಡವರನ್ನೂ ಯಾತ್ರಿಕರನ್ನೂ ಹೆಚ್ಚು ಜೋಪಾನವಾಗಿ ನೋಡಿಕೊಳ್ಳಬೇಕು ಅಂದರು. ಕಾರಣ ಸರಳ: ಶ್ರೀಮಂತರಿಗೆ ಮರ್ಯಾದೆ ತಾನಾಗಿಯೇ ಸಿಗುತ್ತದೆ. ನಮ್ಮ ಹೆಲ್ಮೆಟ್ಟಿಗೆ ಸಿಕ್ಕ ಹಾಗೆ.

ಮೂರನೆಯದು ಹೇಳಲು ನಾಚಿಕೆ. 2024ರ ಉಗಾದಿಗೆ ಮುಂಚೆ ಬಳ್ಳಾರಿ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೊರಟ ಒಂದು ಗುಂಪು ಮಧ್ಯಾಹ್ನದ ಹೊತ್ತಿಗೆ ನಮ್ಮ ಚರ್ಚಿನ ಗೇಟಿನ ಹತ್ತಿರ ನಿಂತಿತು. ಕಾಲಿಗೆ ಬೊಬ್ಬೆ ಬಂದಿತ್ತು, ಬಟ್ಟೆ ಸುತ್ತಿಕೊಂಡಿದ್ದರು. ಬೇವಿನ ನೆರಳಲ್ಲಿ ಒಂದು ಗಂಟೆ ಕೂರುತ್ತೇವೆ, ನೀರು ಇದ್ದರೆ ಕೊಡಿ ಅಂದರು. ನಾವು ಆಗಷ್ಟೇ ವಾಲಿಬಾಲ್ ಕೋರ್ಟಿಗೆ ಗೆರೆ ಹಾಕಿದ್ದೆವು. "ಬಸ್ ಸ್ಟ್ಯಾಂಡ್ ಹತ್ತಿರ ನಲ್ಲಿ ಇದೆ" ಅಂತ ಹೇಳಿ ಗೇಟಿಗೆ ಬೀಗ ಹಾಕಿಸಿದವನು ನಾನೇ. ಒಂಬತ್ತು ತಿಂಗಳಿಗೆ ನಾನೇ ಮಠದ ಚಾಪೆಯ ಮೇಲೆ ಮಲಗಿದ್ದೆ. ಆ ರಾತ್ರಿ ನನಗೆ ನೆನಪಾದದ್ದು ಆ ಬೊಬ್ಬೆಗಳು.

ಲೂಕನ ಶುಭಸಂದೇಶದ 10ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಗಾಯಗೊಂಡವನನ್ನು ನೋಡಿ ಯಾಜಕ ಪಕ್ಕಕ್ಕೆ ಸರಿದು ಹೋದ, ಲೇವಿಯನೂ ಹೋದ, ಎತ್ತಿಕೊಂಡವನು ಸಮಾರಿಯದವನು. ಅದನ್ನು ಓದುವಾಗ ನಾವೇ ಸಮಾರಿಯದವರು ಅಂದುಕೊಳ್ಳುತ್ತೇವೆ. ನಮ್ಮ ದಾರಿಯಲ್ಲಿ ಸಮಾರಿಯದವರು ಆ ಅಜ್ಜಿ, ಆ ಮಠದವರು, ಆ ಚಾಚಾ. ಲೇವಿಯನ ಪಾತ್ರ ಯಾರದು ಅಂತ ನಾನು ಬಿಡಿಸಿ ಹೇಳಬೇಕಾ?

ಕೆಲವರ ಉತ್ತರ ನನಗೆ ಗೊತ್ತು. "ಗೇಟು ತೆಗೆದರೆ ಕಳ್ಳರು ಬರ್ತಾರೆ." ವರಾಂಡ, ನೆರಳು, ನೀರಿನ ಮಡಕೆ ಇವನ್ನು ಕದಿಯುವ ಕಳ್ಳ ಬಂದರೆ ಬರಲಿ. "ಕಸ ಹಾಕ್ತಾರೆ." ಗುಡಿಸೋಣ, ಅದಕ್ಕೇ ಯುವ ಸಂಘ ಇರುವುದು. "ಬೇರೆ ಧರ್ಮದವರಿಗೆ ನೀರು ಕೊಟ್ಟರೆ ಮತಾಂತರ ಅಂತಾರೆ." ಹಾಗಾದರೆ ಲೋಟದ ಜೊತೆ ಕರಪತ್ರ ಕೊಡಬೇಡಿ, ಉಪದೇಶ ಮಾಡಬೇಡಿ. ಮಠದಲ್ಲಿ ನಮಗೆ ಉಣಿಸಿದವರು ನಮ್ಮ ಹಣೆಗೆ ವಿಭೂತಿ ಹಚ್ಚಲಿಲ್ಲ. ಹಸಿದವನಿಗೆ ಬಡಿಸುವ ಕೈ ಇನ್ನೇನನ್ನೂ ಕೇಳಬಾರದು.

1953ರ ಅಕ್ಟೋಬರ್ 1ರವರೆಗೆ ನಮ್ಮ ಆಲೂರು, ಆದೋನಿ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾಯಿತು, ಮನೆಗೆ ಬಂದವರಿಗೆ ಮೊದಲು ಚೊಂಬು ನೀರು ಕೊಡುವ ರೂಢಿ ಬದಲಾಗಲಿಲ್ಲ. ನಮ್ಮ ಮನೆಗಳಲ್ಲಿ ಇರುವ ಈ ಸೌಜನ್ಯ ನಮ್ಮ ಚರ್ಚಿನ ಗೇಟಿನ ಹತ್ತಿರ ಬಂದಾಗ ಮಾತ್ರ ಯಾಕೆ ನಿಂತುಹೋಗುತ್ತದೆ?

ಯುವ ಸಂಘದ ಮುಂದೆ ನಾನು ಇಡುವ ಕೇಳಿಕೆ ಇಷ್ಟೇ. ಫೆಬ್ರುವರಿ ಕೊನೆಯಿಂದ ಗೇಟಿನ ಹೊರಗೆ ಒಂದು ಅರವಟ್ಟಿಗೆ ಇಡೋಣ, ನೀರು ತುಂಬುವ ಪಾಳಿ ಹಂಚಿಕೊಳ್ಳೋಣ. ಹಗಲು ಗೇಟು ತೆಗೆದೇ ಇರಲಿ. ರಾತ್ರಿ ಬಂದವರಿಗೆ ವರಾಂಡ, ಶೌಚಾಲಯದ ಬೀಗದ ಕೈ, ಒಂದು ಬಲ್ಬು. ಒಂದು ಪಂಪು, ಪಂಕ್ಚರ್ ಸಾಮಾನು. ಸುಗ್ಗಿಯಿಂದ ವಾಪಸ್ ಬರುವ ಲಾರಿ ನಿಂತರೆ ಒಂದು ಹೊತ್ತು ಅನ್ನ ಸಾರು. ಯಾರ ಹತ್ತಿರವೂ ಪತ್ರ ಕೇಳುವುದು ಬೇಡ. ಮೊದಲ ವಾರದ ಪಾಳಿ ನನ್ನದು.

2024ರ ಡಿಸೆಂಬರ್ 24ರಂದು ಪೋಪ್ ಫ್ರಾನ್ಸಿಸ್ ಅವರು ರೋಮಿನಲ್ಲಿ ಪವಿತ್ರ ದ್ವಾರ ತೆರೆದು ಜ್ಯುಬಿಲಿ ವರ್ಷ ಆರಂಭಿಸಿದರು. "ಭರವಸೆಯ ಯಾತ್ರಿಕರು" ಎಂಬುದು ಅದರ ಧ್ಯೇಯವಾಕ್ಯವಾಗಿತ್ತು. ನಾವೂ ಬ್ಯಾನರ್ ಮಾಡಿಸಿ ಗೇಟಿಗೆ ಕಟ್ಟಿದ್ದೇವೆ. ಬ್ಯಾನರಿನ ಕೆಳಗೆ ಬೀಗ ನೇತಾಡುತ್ತಿದೆ. ಭಾನುವಾರ ಬಲಿಪೂಜೆಗೆ ಬಂದಾಗ ನೋಡಿ.

ಆ ಬೀಗದ ಕೈ ನನ್ನ ಹತ್ತಿರವೇ ಇದೆ. ಈ ಭಾನುವಾರ ಅದನ್ನು ಫಾದರ್ ಕೈಗೆ ಕೊಟ್ಟುಬಿಡುತ್ತೇನೆ. ಜೊತೆಗೆ ಯಾರು ಬರುತ್ತೀರಿ, ಹೇಳಿ.