ಸೊಪ್ಪಿನ ಬೆಟ್ಟದಲ್ಲಿ ಬೇರುಬಿಟ್ಟ ಪರದೇಶದ ಗಿಡಗಳು

ಅಡಿಕೆ ತೋಟಕ್ಕೆ ಗೊಬ್ಬರ ಬರುವುದು ಬೆಟ್ಟದಿಂದ. ಕೊಟ್ಟಿಗೆಗೆ ಹಾಸುವ ಹಸಿರು ಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ತರುವ ದರಗು, ಬ್ಯಾಣದಲ್ಲಿ ದನ ಮೇಯುವ ಹುಲ್ಲು ಎಲ್ಲವೂ ಅಲ್ಲಿಯದೇ. ಹೀಗಾಗಿ ಬೆಟ್ಟ ಹಾಳಾದರೆ ತೋಟಕ್ಕೂ ಉಳಿಗಾಲವಿಲ್ಲವೆಂಬುದು ಹಿರಿಯರ ಅನುಭವ. ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವಾಗಲಾಗಲಿ, ನರಸಿಂಹರಾಜಪುರದ ಕಡೆ ಹೊರಳಿದಾಗಲಾಗಲಿ ರಸ್ತೆಯ ಬದಿಯನ್ನು ಗಮನಿಸಿ. ಎದೆಯೆತ್ತರದ ಯುಪಟೋರಿಯಂ, ಮುಳ್ಳಿನ ಲಂಟಾನ, ಗುಡ್ಡದ ಮೇಲೆ ಅಕೇಶಿಯಾ. ಇವುಗಳಲ್ಲಿ ಒಂದೂ ಈ ನೆಲದ್ದಲ್ಲ.

ಇದು ನಮ್ಮ ಮೂರು ತಾಲ್ಲೂಕುಗಳ ಪಾಡು ಮಾತ್ರವಲ್ಲ. ವಿಶ್ವಸಂಸ್ಥೆಯ ಆಶ್ರಯದ ವಿಜ್ಞಾನಿಗಳ ವೇದಿಕೆ 2023ರಲ್ಲಿ ಹೊರಡಿಸಿದ ವರದಿಯ ಪ್ರಕಾರ ಮನುಷ್ಯರಿಂದಾಗಿ ಹೊಸ ನಾಡುಗಳನ್ನು ಸೇರಿದ ಗಿಡ, ಪ್ರಾಣಿ, ಕೀಟಗಳ ಸಂಖ್ಯೆ 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರವಾದವು 3,500ಕ್ಕೂ ಮೇಲೆ. ಜಗತ್ತಿನಲ್ಲಿ ಈವರೆಗೆ ದಾಖಲಾದ ಜೀವಿಗಳ ನಿರ್ನಾಮದಲ್ಲಿ ಶೇಕಡ 60ರಷ್ಟರಲ್ಲಿ ಇಂಥ ಆಕ್ರಮಣಕಾರಿ ಜೀವಿಗಳ ಕೈವಾಡವಿದೆ ಎಂದು ಆ ವರದಿ ಹೇಳುತ್ತದೆ. ನಮ್ಮ ದೇಶದ ಹುಲಿಕಾಡುಗಳ ಸುಮಾರು ಶೇಕಡ 40ರಷ್ಟು ಪ್ರದೇಶಕ್ಕೆ ಲಂಟಾನದ ಉಪದ್ರವವಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು.

ಎಲ್ಲ ಹೊರಗಿನದೂ ಶತ್ರುವಲ್ಲ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊರದೇಶದಿಂದ ಬಂದುದೆಲ್ಲ ಕೆಟ್ಟದ್ದಲ್ಲ. ಮೆಣಸಿನಕಾಯಿ, ಗೇರು, ರಬ್ಬರ್ ಅಮೆರಿಕ ಖಂಡದಿಂದ ಬಂದವು. ಕಾಫಿ ಬಂದದ್ದು ಆಫ್ರಿಕ-ಅರಬ್ ನಾಡಿನಿಂದ. ಇವು ಬಹುಪಾಲು ನಾವು ನೆಟ್ಟಲ್ಲಿ ಇರುತ್ತವೆ, ಆರೈಕೆ ಬೇಡುತ್ತವೆ. ಆರೈಕೆಯಿಲ್ಲದೆ ತಾನಾಗಿಯೇ ಹಬ್ಬಿ, ಪಕ್ಕದ ಗಿಡವನ್ನು ಮೇಲೇಳಲು ಬಿಡದ ಸಸ್ಯವೇ ಆಕ್ರಮಣಕಾರಿ. ತವರಿನಲ್ಲಿ ಅದನ್ನು ತಿನ್ನುವ ಹುಳುಹುಪ್ಪಟೆ ಇದ್ದವು. ಇಲ್ಲಿ ಅವು ಇಲ್ಲ. ಅದರ ಬಲದ ಗುಟ್ಟು ಬಹುಮಟ್ಟಿಗೆ ಇದೇ.

ಬಂದ ದಾರಿ

ಲಂಟಾನ ಬಂದದ್ದು ಹೂವಿನ ಚೆಂದಕ್ಕೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅದರ ಹಣ್ಣು ತಿಂದ ಹಕ್ಕಿಗಳು ದೇಶದ ತುಂಬ ಬೀಜ ಉದುರಿಸಿದವು. ಯುಪಟೋರಿಯಂ ಕೂಡ ಅಮೆರಿಕದ ಉಷ್ಣವಲಯದ್ದೇ. ನಮ್ಮಲ್ಲಿ ಕೆಲವರು ಇದನ್ನು ‘ಕಮ್ಯುನಿಸ್ಟ್ ಗಿಡ’ ಎನ್ನುತ್ತಾರೆ. ಇದರ ಬೀಜ ಧೂಳಿನಷ್ಟು ಹಗುರ. ಹತ್ತಿಯಂಥ ಕುಚ್ಚಿನ ನೆರವಿನಿಂದ ಗಾಳಿಯಲ್ಲಿ ತೇಲುತ್ತದೆ, ದನದ ಮೈಗೂ ನಮ್ಮ ಬಟ್ಟೆಗೂ ಅಂಟುತ್ತದೆ. ಒಂದೇ ಗಿಡ ಸಾವಿರಾರು ಬೀಜ ಕಟ್ಟುತ್ತದೆ.

ಅಕೇಶಿಯಾದ ಕತೆಯೇ ಬೇರೆ. ಆಸ್ಟ್ರೇಲಿಯ ಮತ್ತು ನ್ಯೂಗಿನಿ ಕಡೆಯ ಈ ಮರವನ್ನು ನಾವೇ ಕರೆದು ನೆಟ್ಟೆವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಡಿ ಬೋಳುಗುಡ್ಡಗಳಲ್ಲಿ ಇದನ್ನು ಹಾಕಲಾಯಿತು. ಕಾಗದಕ್ಕೆ ಮರ ಒದಗಿಸಲೆಂದು ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಡುಭೂಮಿಯನ್ನು 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟದ್ದೂ ಆಗಲೇ.

ನಷ್ಟ ಯಾರಿಗೆ?

ಮೊದಲ ನಷ್ಟ ದನಕರುಗಳಿಗೆ. ಯುಪಟೋರಿಯಂ, ಲಂಟಾನಗಳನ್ನು ದನ ಮುಟ್ಟುವುದಿಲ್ಲ. ಹಸಿವಿಗೆ ಲಂಟಾನ ತಿಂದ ದನಕ್ಕೆ ಯಕೃತ್ತಿನ ತೊಂದರೆಯಾಗುತ್ತದೆ. ಬ್ಯಾಣದಲ್ಲಿ ಇವು ಹಬ್ಬಿದಷ್ಟೂ ಹುಲ್ಲು ಕುಗ್ಗುತ್ತದೆ. ಕಾಡಿನಲ್ಲಿ ಕಾಟಿ, ಜಿಂಕೆಗಳಿಗೂ ಇದೇ ಗತಿ. ಹೊಟ್ಟೆಗಿಲ್ಲದ ಪ್ರಾಣಿ ಗದ್ದೆಯ ಕಡೆ ಮುಖ ಮಾಡಿದರೆ ಆಶ್ಚರ್ಯವೇನು?

ಎರಡನೆಯದು ಬೆಂಕಿ. ಯುಪಟೋರಿಯಂ ಕಡ್ಡಿ ಫೆಬ್ರವರಿ-ಮಾರ್ಚಿನ ಹೊತ್ತಿಗೆ ಒಣಗಿ ಸೌದೆಯಂತಾಗುತ್ತದೆ. ಬೆಂಕಿ ಬಿದ್ದರೆ ನಮ್ಮ ಮರಗಳ ಎಳೆಯ ಸಸಿಗಳು ಸಾಯುತ್ತವೆ. ಯುಪಟೋರಿಯಂ ಮಾತ್ರ ಮಳೆ ಬಿದ್ದೊಡನೆ ಬುಡದಿಂದ ಚಿಗುರುತ್ತದೆ. ಅಕೇಶಿಯಾ ಬೀಜವಂತೂ ಬೆಂಕಿಯ ಬಿಸಿ ತಾಗಿದ ಮೇಲೆ ಒತ್ತಾಗಿ ಮೊಳೆಯುತ್ತದೆ.

ಮೂರನೆಯದು ಸೊಪ್ಪು. ಅಕೇಶಿಯಾದಲ್ಲಿ ಎಲೆಯಂತೆ ಕಾಣುವುದು ಅಗಲವಾದ ತೊಟ್ಟು. ಅದು ಗಡುಸು, ಬೇಗ ಕೊಳೆಯದು. ನೆಲದ ಮೇಲೆ ದಪ್ಪಗೆ ಹಾಸಿಕೊಂಡು ಇತರ ಬೀಜಗಳು ಮೊಳೆಯುವುದಕ್ಕೂ ಅಡ್ಡಿಯಾಗುತ್ತದೆ. ಮತ್ತಿ, ನೇರಳೆಗಳ ಸೊಪ್ಪಿನಂತೆ ಇದು ಕೊಟ್ಟಿಗೆಯಲ್ಲಿ ಬೇಗ ಗೊಬ್ಬರವಾಗುವುದಿಲ್ಲ.

ನ್ಯಾಯವಾಗಿ ಹೇಳುವುದಾದರೆ ಅಕೇಶಿಯಾದಿಂದ ಉಪಕಾರವೂ ಆಗಿದೆ. ಬೋಳು ಗುಡ್ಡದಲ್ಲಿ ಬೇಗ ಹಸಿರು ತಂದಿತು, ಸೌದೆ ಕೊಟ್ಟಿತು. ಬಾಗಿಲು, ಕಿಟಕಿಗೂ ಅದರ ಮರ ಒದಗಿದೆ. ಮಣ್ಣಿಗೆ ಸಾರಜನಕ ಸೇರಿಸುವ ಗುಣವೂ ಅದಕ್ಕಿದೆ. ಆದ್ದರಿಂದಲೇ ರೈತರೂ ಬೇಲಿಯಲ್ಲಿ ನೆಟ್ಟರು. ತಪ್ಪಾದದ್ದು, ಗುಡ್ಡದ ತುಂಬ ಅದೊಂದೇ ಮರ ಹಾಕಿದ್ದರಲ್ಲಿ ಮತ್ತು ಅದು ಹಣ್ಣುಹಂಪಲು ಕೊಡುವ ಕಾಡಿಗೆ ಬದಲಿಯಾದೀತೆಂದು ಭಾವಿಸಿದ್ದರಲ್ಲಿ.

ಮುಂದಿನ ಪ್ರಶ್ನೆ

ರಾಜ್ಯ ಸರಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕಾಗದ ಕಾರ್ಖಾನೆಯ ಗುತ್ತಿಗೆ 2020ರಲ್ಲಿ ಮುಗಿದಾಗ, ಕಾಗದದ ತಯಾರಿಕೆ ಅದಕ್ಕೆ ಮೊದಲೇ ನಿಂತಿದ್ದರೂ, ಸರಕಾರ ಗುತ್ತಿಗೆಯನ್ನು ಮತ್ತೆ 40 ವರ್ಷ ಮುಂದುವರಿಸಿತು. ಮಲೆನಾಡಿನಲ್ಲಿ ಇದಕ್ಕೆ ವಿರೋಧವೆದ್ದಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ನಡೆಯಿತು. ಈ ಬೇಡಿಕೆ ಸರಿಯಾದದ್ದೇ. ಆದರೆ ಕಡಿದ ಮರುವರ್ಷ ಆ ಜಾಗದಲ್ಲಿ ಏನು ಬೆಳೆಯಬೇಕೆಂಬುದನ್ನು ಈಗಲೇ ನಿರ್ಧರಿಸಬೇಕಾಗಿದೆ.

ಏಕೆಂದರೆ ಈ ಗಿಡಗಳಿಗೆ ಬೇಕಾದದ್ದು ಬಿಸಿಲು. ದಟ್ಟ ಕಾನಿನೊಳಗೆ, ಚೆನ್ನಾಗಿ ಉಳಿಸಿಕೊಂಡ ಸೊಪ್ಪಿನ ಬೆಟ್ಟದ ನೆರಳಿನಲ್ಲಿ ಯುಪಟೋರಿಯಂ ತಲೆಯೆತ್ತುವುದು ಕಡಿಮೆ. ರಸ್ತೆ ಅಗೆದಲ್ಲಿ, ಬೆಂಕಿ ಬಿದ್ದಲ್ಲಿ, ಕೊಂಬೆಗಳನ್ನು ವಿಪರೀತ ಸವರಿದಲ್ಲಿ ಅದು ಮೊದಲು ಬರುತ್ತದೆ. ಅಕೇಶಿಯಾ ಕಡಿದು ನೆಲವನ್ನು ಸುಮ್ಮನೆ ಬಿಟ್ಟರೆ ಬಿದ್ದ ಬೀಜದಿಂದ ಮತ್ತೆ ಅಕೇಶಿಯಾ ಏಳುತ್ತದೆ. ಜೊತೆಗೆ ಲಂಟಾನವೂ ಬರುತ್ತದೆ. ಕಳೆಗೆ ನಿಜವಾದ ಮದ್ದು ನೆರಳು.

ರೈತರು ಮಾಡಬಹುದಾದದ್ದು

ಯುಪಟೋರಿಯಂ ಹೂಬಿಡುವುದು ಡಿಸೆಂಬರ್-ಜನವರಿಯಲ್ಲಿ. ಅದಕ್ಕೆ ಮೊದಲೇ ಸವರಿ ಗೊಬ್ಬರದ ಗುಂಡಿಗೆ ಹಾಕಿ. ಹೂಬಿಡುವ ಮುನ್ನ ಅದು ಒಳ್ಳೆಯ ಹಸಿರು ಗೊಬ್ಬರ. ಬೀಜ ಕಟ್ಟಿದ ಮೇಲೆ ತಂದರೆ ತೋಟಕ್ಕೆ ನಾವೇ ಕಳೆ ಬಿತ್ತಿದಂತೆ. ಮಳೆಗಾಲದಲ್ಲಿ ಮಣ್ಣು ಮೆತ್ತಗಿದ್ದಾಗ ಎಳೆ ಗಿಡಗಳನ್ನು ಬೇರುಸಹಿತ ಕೀಳಬಹುದು.

ಲಂಟಾನವನ್ನು ನೆಲದ ಮಟ್ಟಕ್ಕೆ ಕಡಿದರೆ ಇನ್ನಷ್ಟು ಕವಲೊಡೆಯುತ್ತದೆ. ಬುಡದ ಮಣ್ಣು ಬಿಡಿಸಿ, ನೆಲದಿಂದ ಒಂದೆರಡು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಹಕ್ಕಿ ಕೂರುವ ಮರಗಳ ಕೆಳಗೆ ಮುಂದಿನ ಎರಡು ಮಳೆಗಾಲ ಸಸಿಗಳನ್ನು ಕೀಳುತ್ತಿರಬೇಕು.

ತೆರವಾದ ಜಾಗವನ್ನು ಖಾಲಿ ಬಿಡಬಾರದು. ನೇರಳೆ, ಹಲಸು, ಹೆಬ್ಬಲಸು, ಉಪ್ಪಾಗೆ, ಮತ್ತಿ, ಹೊನ್ನೆ, ತಾರೆ, ವಾಟೆ ಇವುಗಳ ಬೀಜ ನಮ್ಮ ಊರಿನಲ್ಲೇ ಸಿಗುತ್ತದೆ. ನೆಟ್ಟ ಹೊನ್ನೆಯನ್ನು ಮುಂದೆ ಕಡಿಯಲು ಕಚೇರಿ ಅಲೆಯಬೇಕಾದೀತೆಂಬ ಅಂಜಿಕೆ ರೈತರಲ್ಲಿದೆ. ಕಾಡುಜಾತಿಯ ಮರ ನೆಡಿ ಎನ್ನುವ ಅಧಿಕಾರಿಗಳು ಮೊದಲು ಈ ಅಂಜಿಕೆಯನ್ನು ಹೋಗಲಾಡಿಸಬೇಕು. ಹಾಗೆಯೇ ಅಕೇಶಿಯಾ ಕಡಿತವಾಗುವ ಕಡೆ ಯಾವ ಸಸಿ ನೆಡುತ್ತೀರಿ, ಮೂರು ವರ್ಷ ಕಳೆ ಕೀಳುವವರು ಯಾರು ಎಂದು ಗ್ರಾಮಸಭೆಯಲ್ಲಿ, ಗ್ರಾಮ ಅರಣ್ಯ ಸಮಿತಿಯಲ್ಲಿ ಕೇಳುವ ಹಕ್ಕು ನಮಗಿದೆ.

1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಮರಗಳನ್ನು ನೆಟ್ಟರು. ಆ ಹೋರಾಟದ ಹೆಸರು ‘ಕಿತ್ತಿಕೋ ಹಚ್ಚಿಕೋ’. ಹೆಸರಿನಲ್ಲೇ ಎರಡು ಕೆಲಸಗಳಿವೆ. ಕೀಳುವ ಮಾತು ಮಲೆನಾಡಿನಲ್ಲಿ ಈಗ ಸಾಕಷ್ಟು ಕೇಳಿಬರುತ್ತಿದೆ. ಹಚ್ಚುವ ಕೆಲಸಕ್ಕೆ ಮುಂದಿನ ಮಳೆಗಾಲದಲ್ಲೇ ಕೈಹಾಕೋಣ.