ಕಲ್ನಾರಿನ ಧೂಳು: ಇಂದು ಕುಯ್ದವನಿಗೆ ಮುಂದೆ ಯಾರು ಹೊಣೆ?

ಮೊನ್ನೆ ವಿ.ಸಿ. ಫಾರಂ ಸ್ಟಾಪಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿಗೆ ಹೊಸ ಅಂಗಡಿಯೊಂದಕ್ಕೆ ಚಾವಣಿ ಏರುತ್ತಿತ್ತು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಸಿಮೆಂಟ್ ಶೀಟನ್ನು ಕರೆಂಟ್ ಕಟ್ಟರ್‌ನಲ್ಲಿ ಕುಯ್ಯುತ್ತಿದ್ದ. ಬಿಳಿ ಧೂಳೆದ್ದು ರೆಪ್ಪೆ, ಮೀಸೆ ಎಲ್ಲಾ ನರೆತ ಹಾಗೆ ಕಾಣುತ್ತಿತ್ತು. "ಮೂಗಿಗೆ ಬಟ್ಟೆನಾದ್ರೂ ಕಟ್ಕೊಳಪ್ಪ" ಅಂದೆ. "ಏನೂ ಆಗಕಿಲ್ಲ ಕಣ್ ಸಾ, ನಾಕ್ ವರ್ಸದಿಂದ ಕುಯ್ತಾ ಇವ್ನಿ" ಅಂದ.

ಮೋಸ ಇರುವುದೇ ಅಲ್ಲಿ. ನಾಲ್ಕು ವರ್ಷಕ್ಕೆ ಏನೂ ಆಗುವುದಿಲ್ಲ. ಆಗುವುದು ಇಪ್ಪತ್ತು, ಮೂವತ್ತು, ಕೆಲವರಿಗೆ ನಲವತ್ತು ವರ್ಷದ ಮೇಲೆ!

ನಾವು ಸಿಮೆಂಟ್ ಶೀಟು ಅನ್ನುವುದರಲ್ಲಿ ಸಿಮೆಂಟಿನ ಜೊತೆ ಕಲ್ನಾರು ಸೇರಿರುತ್ತದೆ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು ಅಂತಲೇ ಅದಕ್ಕೆ ಅಷ್ಟು ಗಿರಾಕಿ. ಎದೆಯೊಳಗೆ ಹೋದರೂ ಅದೇ ಗುಣ, ಕರಗುವುದೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಶ್ವಾಸಕೋಶದಲ್ಲಿ ನೆಟ್ಟುಕೊಂಡು ಕೂರುತ್ತವೆ. (ಬಾಯಿಗೆ ಕಟ್ಟುವ ಟವಲ್ಲು ಇವನ್ನು ತಡೆಯದು. ನಾನು ಹೇಳಿದ ಉಪಾಯವೂ ಅಷ್ಟಕ್ಕಷ್ಟೆ!) ಮೊದಲು ದಮ್ಮು, ಒಣಕೆಮ್ಮು, ಆಮೇಲೆ ಶ್ವಾಸಕೋಶದ ಕ್ಯಾನ್ಸರ್, ಇಲ್ಲವೇ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್. ಬೀಡಿ ಸೇದುವವನಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಬಿಳಿಯದಾಗಲಿ ನೀಲಿಯದಾಗಲಿ, ಎಲ್ಲಾ ಜಾತಿಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿಬಿಟ್ಟಿದೆ.

ಶೀಟಿನ ಕೆಳಗೆ ಬಾಳುವವರು ಇದನ್ನೋದಿ ಗಾಬರಿಬಿದ್ದು ಸೂರು ಕಿತ್ತುಹಾಕಬೇಡಿ, ಸ್ವಾಮಿ. ಒಡೆಯದ ಶೀಟು ಅಷ್ಟಾಗಿ ಕಾಡುವುದಿಲ್ಲ. ಕುಯ್ದಾಗ, ತೂತು ಹೊಡೆದಾಗ, ಒಡೆದಾಗ ಏಳುವ ಧೂಳೇ ಮಾರಿ. ಹಳೇ ಬ್ರೇಕ್ ಲೈನಿಂಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸುತ್ತಿದ್ದ ಗ್ಯಾರೇಜಿನವರಿಗೂ ಇದೇ ಕಥೆ.

ಕಾನೂನು ಇಲ್ಲವೇ? ಇದೆ. ಕಲ್ನಾರು ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ರೋಗ ಎಷ್ಟು ತಡವಾಗಿ ಬರುತ್ತದೆಂಬುದು ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ಆದರೆ ಆ ತೀರ್ಪು ಕಾರ್ಖಾನೆ, ಗಣಿಗಳ ಕೆಲಸಗಾರನಿಗಾಯಿತು. ನಮ್ಮ ಹುಡುಗ ಇವತ್ತು ವಿ.ಸಿ. ಫಾರಂ, ನಾಳೆ ಮದ್ದೂರು, ನಾಡಿದ್ದು ಮಳವಳ್ಳಿ. ದಿನಗೂಲಿ. ಹಾಜರಿ ಪುಸ್ತಕವಿಲ್ಲ, ಧಣಿ ದಿನಕ್ಕೊಬ್ಬ. ಐವತ್ತಕ್ಕೆ ಕೆಮ್ಮು ಹತ್ತಿದಾಗ ಅವನೂ ಶೀಟಿನ ಮಾತೆತ್ತುವುದಿಲ್ಲ, ಬೇರೆಯವರೂ ಕೇಳುವುದಿಲ್ಲ. ಟಿ.ಬಿ. ಇರಬಹುದು ಅನ್ನುತ್ತಾರೆ.

ಇನ್ನೊಂದು ತಮಾಷೆ ನೋಡಿ. ಕಲ್ನಾರು ಅಗೆಯಲು ಹೊಸ ಗಣಿ ಗುತ್ತಿಗೆ ಕೊಡುವುದನ್ನು ಸರ್ಕಾರ 1986ರಲ್ಲಿ ನಿಲ್ಲಿಸಿತು. ರಷ್ಯಾ ಮುಂತಾದ ಕಡೆಯಿಂದ ಹಡಗಿನಲ್ಲಿ ತರಿಸಲು ಮಾತ್ರ ಅಡ್ಡಿಯಿಲ್ಲ!

ಶೀಟು ಮಾರುವ ಅಂಗಡಿಯವರಲ್ಲಿ ಒಂದು ಅರಿಕೆ. ಅಳತೆ ಮೊದಲೇ ಕೇಳಿ, ಅದಕ್ಕೆ ಹೊಂದುವ ಶೀಟು ಕೊಡಿ, ಕುಯ್ಯುವುದೇ ಕಡಿಮೆಯಾದೀತು. ಕುಯ್ಯಲೇಬೇಕಾದರೆ ನೀರು ಹಾಕಿ ನೆನೆಸಿ, ಕೈಗರಗಸದಲ್ಲಿ ಕುಯ್ಯಿರೆಂದು ಹೇಳಿಕಳಿಸಿ. ಕಾರ್ಮಿಕ ಇಲಾಖೆಯವರು ಕಟ್ಟಡ ಕಾರ್ಮಿಕರಿಗೆ ಕಾರ್ಡು ಕೊಡುತ್ತಾರಲ್ಲ, ಅದರಲ್ಲಿ ಶೀಟು ಕುಯ್ಯುವವನು ಅಂತ ಬರೆಸಲಿ, ವರ್ಷಕ್ಕೊಮ್ಮೆ ಅವನ ಎದೆ ನೋಡಿಸಲಿ. ಆ ಹುಡುಗನ ಹತ್ತಿರ ಕಾರ್ಡು ಉಂಟೋ ಇಲ್ಲವೋ, ಕೇಳುವಷ್ಟರಲ್ಲಿ ಬಸ್ಸು ಬಂತು.