ಪಾಠ ಮುಗಿದ ಮೇಲೂ ಉಳಿಯುವ ಪ್ರಶ್ನೆ

ಅಭ್ಯಾಸ ಬೋಧನೆಯ ವೀಕ್ಷಣಾ ಹಾಳೆಯಲ್ಲಿ ಪೀಠಿಕೆ, ವಿಷಯ ಮಂಡನೆ, ಕಪ್ಪುಹಲಗೆಯ ಬಳಕೆ, ಪ್ರಶ್ನಿಸುವ ಕೌಶಲ, ಮುಕ್ತಾಯ ಎಲ್ಲಕ್ಕೂ ಅಂಕವಿದೆ. ವಿದ್ಯಾರ್ಥಿ ಕೇಳಿದ ಪ್ರಶ್ನೆ ಮರುದಿನ ಏನಾಯಿತು ಎಂಬುದಕ್ಕೆ ಮಾತ್ರ ಕಾಲಂ ಇಲ್ಲ. ವಿಜ್ಞಾನ ಬೋಧನೆಯ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ ಎಂಬುದು ನನ್ನ ಅಭಿಪ್ರಾಯ. ಗಾಮಾ ಕಿರಣ ಸ್ಫೋಟಗಳ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ.

ದೂರದ ಗೆಲಾಕ್ಸಿಯಲ್ಲಿ ಭಾರಿ ನಕ್ಷತ್ರವೊಂದು ಕುಸಿದಾಗ ಅಥವಾ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದಾಗ ಗಾಮಾ ಕಿರಣಗಳು ಒಮ್ಮೆಲೇ ಹೊಮ್ಮುತ್ತವೆ. ಆ ಮಿಂಚು ಒಂದು ಸೆಕೆಂಡಿಗೂ ಕಡಿಮೆ ಇರಬಹುದು, ಕೆಲವು ನಿಮಿಷವೂ ಇರಬಹುದು. ಯಾವಾಗ, ಆಕಾಶದ ಯಾವ ಮೂಲೆಯಲ್ಲಿ ಎಂದು ಮೊದಲೇ ಹೇಳಲಾಗದು. ವಾತಾವರಣ ಗಾಮಾ ಕಿರಣಗಳನ್ನು ತಡೆಯುವುದರಿಂದ ಅವನ್ನು ನೇರವಾಗಿ ಹಿಡಿಯಲು ಉಪಗ್ರಹ ಬೇಕು. ಮೊದಲು ಹಿಡಿದದ್ದು 1967ರಲ್ಲಿ, ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು. ಫಲಿತಾಂಶ ಪ್ರಕಟವಾದದ್ದು 1973ರಲ್ಲಿ. ಅಷ್ಟು ವರ್ಷ ಆ ಪ್ರಶ್ನೆಯನ್ನು ಯಾರೂ ಕೈಬಿಡಲಿಲ್ಲ.

ನಮ್ಮ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ಸಿಜೆಡ್‌ಟಿಐ ಉಪಕರಣ ಚಾಲೂ ಆದ ದಿನವೇ, ಅಕ್ಟೋಬರ್ 6ರಂದು, ಒಂದು ಸ್ಫೋಟವನ್ನು ದಾಖಲಿಸಿತು. 2023ರ ನವೆಂಬರ್ ಹೊತ್ತಿಗೆ ಎಣಿಕೆ 600 ಮುಟ್ಟಿತ್ತು. ಆದರೆ ತರಗತಿಗೆ ಹೆಚ್ಚು ಉಪಯೋಗವಾಗುವುದು ಈ ಎಣಿಕೆಯಲ್ಲ, 2017ರ ಜನವರಿಯ ಒಂದು ಪ್ರಸಂಗ. ಜನವರಿ 4ರಂದು ಲೈಗೊ ಗುರುತ್ವ ಅಲೆಯೊಂದನ್ನು ಪತ್ತೆ ಮಾಡಿತು. ಅದು ಬಂದಿರಬಹುದಾದ ದಿಕ್ಕಿನಲ್ಲಿ ಹವಾಯಿಯ ಅಟ್ಲಾಸ್ ದೂರದರ್ಶಕಕ್ಕೆ ಬೇಗಬೇಗ ಮಸುಕಾಗುತ್ತಿದ್ದ ಬೆಳಕಿನ ಚುಕ್ಕಿ ಕಂಡಿತು. ಎರಡಕ್ಕೂ ಸಂಬಂಧವಿದೆಯೇ? ಗುರುತ್ವ ಅಲೆ ಬಂದ ಸುಮಾರು 21 ಗಂಟೆಗಳ ಬಳಿಕ ಆಗಿದ್ದ ಬೇರೊಂದು ಗಾಮಾ ಸ್ಫೋಟ ಸಿಜೆಡ್‌ಟಿಐ ದಾಖಲೆಯಲ್ಲಿತ್ತು. ಆ ಚುಕ್ಕಿ ಅದರ ಉಳಿದ ಬೆಳಕು, ಗುರುತ್ವ ಅಲೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಹೀಗೆ ತಿಳಿಯಿತು. ‘ಅಲ್ಲ’ ಎಂದು ಸಾಬೀತು ಮಾಡಿದ್ದೂ ವಿಜ್ಞಾನದಲ್ಲಿ ಫಲಿತಾಂಶವೇ.

ಇದೆಲ್ಲ ನಮಗೆ ದೂರದ ಮಾತೂ ಅಲ್ಲ. ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸುವಲ್ಲಿ ಮುಂದಾಳಾಗಿದ್ದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಕೋರಮಂಗಲದಲ್ಲಿದೆ, ಬಿಟಿಎಂ ಬಡಾವಣೆಗೆ ಕೂಗಳತೆಯ ದೂರದಲ್ಲಿ. ಲಡಾಖ್‌ನ ಹಾನ್ಲೆಯಲ್ಲಿರುವ ಅದರ 2 ಮೀಟರ್ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ. ಆಸ್ಟ್ರೋಸ್ಯಾಟ್‌ನ ದತ್ತಾಂಶ ಸೇರುವುದು ಬಿಡದಿ ಬಳಿಯ ಬ್ಯಾಲಾಳಿಗೆ. ಇಷ್ಟಿದ್ದೂ ನಮ್ಮ ಮಕ್ಕಳಿಗೆ ಗಾಮಾ ಕಿರಣವೆಂದರೆ ರೋಹಿತದ ಪಟ್ಟಿಯ ಒಂದು ತುದಿ, ಪರೀಕ್ಷೆಯ ಒಂದು ಅಂಕ.

ಬನಶಂಕರಿಯ ಪ್ರೌಢಶಾಲೆಯೊಂದರಲ್ಲಿ ನಾನು ಈ ವಿಷಯ ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಅದು ಅಷ್ಟು ದೂರದಿಂದಲೇ ಬಂತು ಅಂತ ಹೇಗೆ ಗೊತ್ತಾಯ್ತು? ಇಲ್ಲೇ ಎಲ್ಲೋ ಮಿಂಚಿದ್ರೆ?” ವೇಲಾ ವಿಜ್ಞಾನಿಗಳನ್ನು ಕಾಡಿದ್ದೂ ಇದೇ. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು ಉಳಿಸಿದೆವು. ಮರುದಿನ ನಾಲ್ವರು ಮಕ್ಕಳು ಮೈದಾನದ ನಾಲ್ಕು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತರು. ನಡುವೆ ತಟ್ಟೆ ಬಡಿದಾಗ ಅವರು ತೋರಿಸಿದ ಕೈಗಳು ಒಂದೇ ಜಾಗದತ್ತ ಕೂಡಿದವು. ದೂರದ ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕಿದಾಗ ಎಲ್ಲ ಕೈಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿಗಿದ್ದವು. ವೇಲಾ ಉಪಗ್ರಹಗಳಿಗೆ ಕೈಯ ಬದಲು ಸಂಕೇತ ತಲುಪಿದ ಸಮಯದ ವ್ಯತ್ಯಾಸವಿತ್ತು. ಭೂಮಿ, ಸೂರ್ಯ ಎರಡೂ ಮೂಲವಲ್ಲ ಎಂದು ತಿಳಿದದ್ದು ಅದರಿಂದ. ನಿಜವಾದ ದೂರ ಅಳೆಯಲು 1997ರವರೆಗೆ ಕಾಯಬೇಕಾಯಿತು ಎಂದೂ ಹೇಳಿದೆ. ಇಷ್ಟಕ್ಕೆ ಹಿಡಿದದ್ದು ಎಂಟು ನಿಮಿಷ. ನನ್ನ ವೀಕ್ಷಣಾ ಹಾಳೆಯಲ್ಲಿ ಆ ಎಂಟು ನಿಮಿಷಕ್ಕೆ ಜಾಗವಿರಲಿಲ್ಲ.

ಪಠ್ಯ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯವೆಲ್ಲಿ ಎಂದು ಹಿರಿಯ ಶಿಕ್ಷಕರು ಕೇಳುತ್ತಾರೆ. ಅವರ ಮಾತು ನ್ಯಾಯವಾದದ್ದೇ. ಎಲ್ಲ ಪ್ರಶ್ನೆಗಳನ್ನೂ ಬೆನ್ನಟ್ಟಬೇಕಿಲ್ಲ. ದೂರದರ್ಶಕಗಳೂ ಎಲ್ಲ ಸ್ಫೋಟಗಳ ಬೆನ್ನು ಹತ್ತುವುದಿಲ್ಲ. ವಾರಕ್ಕೊಂದು ಸಾಕು.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಎರಡು. ವೀಕ್ಷಣಾ ಹಾಳೆಯಲ್ಲಿ ‘ಹಿಂದಿನ ತರಗತಿಯ ಪ್ರಶ್ನೆಯ ಮುಂದುವರಿಕೆ’ ಎಂಬ ಒಂದು ಸಾಲು ಸೇರಿಸಿ, ಅದಕ್ಕೆ ಅಂಕ ಕೊಡಿ. ಎರಡನೆಯದಾಗಿ, ಪ್ರತಿ ಅಭ್ಯಾಸ ಶಾಲೆಯಲ್ಲಿ ಒಂದು ಪ್ರಶ್ನೆ ಪುಸ್ತಕವಿರಲಿ. ಪ್ರಶಿಕ್ಷಣಾರ್ಥಿಗಳಾದ ನಾವು ಕೆಲವು ವಾರ ಪಾಠ ಮಾಡಿ ಹೊರಟುಬಿಡುತ್ತೇವೆ, ಮಕ್ಕಳು ಅಲ್ಲೇ ಇರುತ್ತಾರೆ. ಉಪಗ್ರಹ ಕಂಡದ್ದನ್ನು ಕೂಡಲೇ ಜಗತ್ತಿನ ದೂರದರ್ಶಕಗಳಿಗೆ ತಿಳಿಸುವಂತೆ, ಉತ್ತರ ಸಿಗದ ಪ್ರಶ್ನೆಗಳನ್ನು ಶಾಲೆಯ ಶಿಕ್ಷಕರಿಗೂ ಮುಂದಿನ ತಂಡಕ್ಕೂ ಒಪ್ಪಿಸಿ ಹೋಗುವುದು ನಮ್ಮ ಕೆಲಸದ ಭಾಗವಾಗಬೇಕು.